ಗೂಡು, ಹುರಿ, ಮಿಡಿಸೌತೆ: ಸುಂಕದ ಸಂಖ್ಯೆ ಬದಲಾಗುವುದು ಎಲ್ಲಿ?

ಶಿಡ್ಲಘಟ್ಟದಲ್ಲಿ ಗೂಡಿನಿಂದ ಬಿಚ್ಚಿದ ಕಚ್ಚಾ ರೇಷ್ಮೆಯನ್ನು ಹಾಗೆಯೇ ಮಾರಿದರೆ ಜಿಎಸ್‌ಟಿ ಇಲ್ಲ. ಅದೇ ರೇಷ್ಮೆ ಪಕ್ಕದ ಬೀದಿಯ ಹುರಿ ಮಷಿನ್ನಿಗೆ ಹೋಗಿ ಬಂದರೆ ಶೇ. 5 ತೆರಿಗೆ ಬೀಳುತ್ತದೆ. ಹುಳ ಅದೇ, ಎಳೆ ಅದೇ. ಬಿಲ್ಲಿನಲ್ಲಿ 5002 ಎಂದಿದ್ದದ್ದು 5004 ಆಗಿರುತ್ತದೆ, ಅಷ್ಟೆ. ಈ ನಾಲ್ಕಂಕಿಯನ್ನು ನಮ್ಮ ವ್ಯಾಪಾರಿಗಳು 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ‘ಎಚ್‌ಎಸ್‌ಎನ್ ಕೋಡ್’ ಎಂದು ಕರೆಯುತ್ತಾರೆ. ಬಹುಪಾಲು ಜನರಿಗೆ ಅದು ಆಡಿಟರ್ ತುಂಬುವ ಒಂದು ಕಾಲಂ. ವಹಿವಾಟು ವರ್ಷಕ್ಕೆ 5 ಕೋಟಿ ರೂಪಾಯಿಯೊಳಗಿದ್ದರೆ ನಾಲ್ಕು ಅಂಕಿ ಸಾಕು, ದಾಟಿದರೆ ಆರು ಬೇಕು ಎಂಬಷ್ಟು ಎಲ್ಲರಿಗೂ ಗೊತ್ತು. ಆದರೆ ಆ ಸಂಖ್ಯೆ ಜಿಎಸ್‌ಟಿಗಾಗಿ ಹುಟ್ಟಿದ್ದಲ್ಲ. ಅದು ದೇಶದೇಶಗಳ ನಡುವೆ ಸಾಗುವ ಸರಕಿಗೆ ಸುಂಕ ಹಾಕಲು ಮಾಡಿದ ಪಟ್ಟಿಯಿಂದ ಬಂದದ್ದು. ಈ ಪಟ್ಟಿಯ ಒಂದೊಂದು ಗೆರೆಯೂ ಚಿಕ್ಕಬಳ್ಳಾಪುರ ಜಿಲ್ಲೆಯ ಜನರ ಆದಾಯವನ್ನು ಎಷ್ಟೋ ಸಲ ಏರಿಸಿದೆ, ಇಳಿಸಿದೆ.

ಪಟ್ಟಿಯ ಹೆಸರು ಹಾರ್ಮೊನೈಸ್ಡ್ ಸಿಸ್ಟಂ. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ ಇದರ ಯಜಮಾನ. 1983ರಲ್ಲಿ ಒಪ್ಪಂದವಾಗಿ, 1988ರ ಜನವರಿ 1ರಂದು ಜಾರಿಗೆ ಬಂತು. ಭಾರತ ಅದಕ್ಕೂ ಮೊದಲೇ, 1986ರಲ್ಲಿ, ತನ್ನ ಕಸ್ಟಮ್ಸ್ ಸುಂಕಪಟ್ಟಿಯನ್ನು ಈ ಅಚ್ಚಿಗೆ ಹೊಂದಿಸಿಕೊಂಡಿತು. ಒಟ್ಟು 21 ವಿಭಾಗ, 97 ಅಧ್ಯಾಯ. ಅದರಲ್ಲಿ 77ನೆಯ ಅಧ್ಯಾಯವನ್ನು ಮುಂದೆ ಬೇಕಾದೀತೆಂದು ಖಾಲಿ ಬಿಟ್ಟಿದ್ದಾರೆ. ಮೊದಲ ಎರಡಂಕಿ ಅಧ್ಯಾಯ, ನಾಲ್ಕಾದರೆ ಶೀರ್ಷಿಕೆ, ಆರಾದರೆ ಉಪಶೀರ್ಷಿಕೆ. ಇಷ್ಟು ಜಗತ್ತಿಗೆಲ್ಲ ಒಂದೇ. ಮುಂದಿನ ಅಂಕಿಗಳು ಆಯಾ ದೇಶದ ಇಷ್ಟ. ನಮ್ಮಲ್ಲಿ 2003ರಿಂದ ಎಂಟು ಅಂಕಿ. 200ಕ್ಕೂ ಹೆಚ್ಚು ದೇಶಗಳು ಮತ್ತು ಆರ್ಥಿಕ ವಲಯಗಳು ಈ ಪಟ್ಟಿಯನ್ನು ಬಳಸುತ್ತವೆ. ಹಾಗಾಗಿ ಚಿಂತಾಮಣಿಯ ಟೊಮೆಟೊ ಬೆಂಗಳೂರಿನಲ್ಲೂ ದುಬೈನಲ್ಲೂ 0702.

ಪಟ್ಟಿಯನ್ನು ಜೋಡಿಸಿರುವ ಕ್ರಮದಲ್ಲಿ ಒಂದು ಯೋಚನೆ ಇದೆ. ಮೊದಲ ಅಧ್ಯಾಯದಲ್ಲಿ ಜೀವಂತ ಪ್ರಾಣಿ, ಕೊನೆಯದರಲ್ಲಿ ಕಲಾಕೃತಿ ಮತ್ತು ಪುರಾತನ ವಸ್ತು. ನಡುವೆ ಬೆಳೆ, ಖನಿಜ, ರಾಸಾಯನಿಕ, ಬಟ್ಟೆ, ಲೋಹ, ಯಂತ್ರ. ಪ್ರಕೃತಿ ಕೊಟ್ಟದ್ದರಿಂದ ಮನುಷ್ಯ ಮಾಡಿದ್ದರ ಕಡೆಗೆ ಪಟ್ಟಿ ನಡೆಯುತ್ತದೆ. ಪ್ರತಿ ಅಧ್ಯಾಯದೊಳಗೂ ಬಹುಮಟ್ಟಿಗೆ ಅದೇ ನಡೆ. ಆದ್ದರಿಂದ ಸರಕಿನ ಸಂಖ್ಯೆ ಕೇಳುವ ಪ್ರಶ್ನೆ, ಇದರ ಹೆಸರೇನು ಎನ್ನುವುದಕ್ಕಿಂತ, ಇದರ ಮೇಲೆ ಇಲ್ಲಿಯವರೆಗೆ ಯಾವ ಕೆಲಸ ನಡೆದಿದೆ ಎಂಬುದು. ಆ ಕೆಲಸವನ್ನು ಬಲ್ಲವರು ಶಿಡ್ಲಘಟ್ಟದ ಫಿಲೇಚರುಗಳಲ್ಲಿ, ಗೌರಿಬಿದನೂರಿನ ಹೊಲಗಳಲ್ಲಿ ಇದ್ದಾರೆ. ಸಂಖ್ಯೆ ಬರೆಯುವವರು ಬೇರೆಲ್ಲೋ ಕೂತಿದ್ದಾರೆ. ಈ ವಿಷಯದ ಮುಖ್ಯ ತೊಡಕು ಇದೇ ಎಂದು ನನ್ನ ಎಣಿಕೆ.

ರೇಷ್ಮೆಯಲ್ಲಿ ಈ ಮಾತು ಎದ್ದು ಕಾಣುತ್ತದೆ. ಶಿಡ್ಲಘಟ್ಟದ ಸರ್ಕಾರಿ ಗೂಡಿನ ಮಾರುಕಟ್ಟೆ ರಾಮನಗರದ್ದಕ್ಕೆ ಸಾಟಿಯಾಗಿ ನಿಲ್ಲುವಂಥದು. ರೈತ ಚಂದ್ರಿಕೆಯಿಂದ ಬಿಡಿಸಿ ತಂದ ಗೂಡು ಲಾಟಾಗಿ ಹರಾಜಿಗೆ ಬಿದ್ದಾಗ ಅದು 5001, ನೂಲು ಬಿಚ್ಚಲು ಯೋಗ್ಯವಾದ ಗೂಡು. ‘ಬಿಚ್ಚಲು ಯೋಗ್ಯ’ ಎಂಬ ಷರತ್ತು ಪಟ್ಟಿಯಲ್ಲೇ ಇದೆ. ತೂತು ಬಿದ್ದ, ಹುಳ ಒಳಗೇ ಕೊಳೆತು ಕಲೆಯಾದ, ಎಳೆ ಬಾರದ ಗೂಡು 5003, ಅಂದರೆ ವೇಸ್ಟ್. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿ ಹುಡುಕಿ, ಕೆಲವು ಗೂಡುಗಳ ಎಳೆಗಳನ್ನು ಒಟ್ಟಿಗೆ ಸೇರಿಸಿ ರಾಟೆಗೆ ಸುತ್ತಿದರೆ ಬರುವುದು ಕಚ್ಚಾ ರೇಷ್ಮೆ. ಚರಕದಲ್ಲಿ ಬಿಚ್ಚಿದರೂ, ಕಾಟೇಜ್ ಬೇಸಿನ್‌ನಲ್ಲಿ ಬಿಚ್ಚಿದರೂ, ಮಲ್ಟಿ ಎಂಡ್‌ನಲ್ಲಿ ಬಿಚ್ಚಿದರೂ, ಚೀನಾದಿಂದ ತರಿಸಿದ ಆಟೊಮ್ಯಾಟಿಕ್ ಮಷಿನ್ನಿನಲ್ಲಿ ಬಿಚ್ಚಿದರೂ ಶೀರ್ಷಿಕೆ ಒಂದೇ, 5002. ಎರಡು ಹುಳು ಸೇರಿ ಕಟ್ಟಿದ ಡಬಲ್ ಗೂಡಿನಿಂದ ಬಂದ ಗಂಟುಗಂಟಾದ ಡೂಪಿಯಾನ್ ಕೂಡ ಅದೇ ಶೀರ್ಷಿಕೆಯೊಳಗೆ. ನಮ್ಮ ಎಂಟಂಕಿಯಲ್ಲಿ ಮಾತ್ರ ಅದಕ್ಕೆ ಬೇರೆ ಸಾಲು. ಬೇಸಿನ್ ಬದಿಯಲ್ಲಿ ಉಳಿದ ಸಿಕ್ಕು ಎಳೆ ಮತ್ತೆ 5003. ಆ ವೇಸ್ಟನ್ನು ಗಿರಣಿಯಲ್ಲಿ ಹಿಂಜಿ ನೂತರೆ 5005, ನಾವು ಸ್ಪನ್ ಸಿಲ್ಕ್ ಎನ್ನುವ ನೂಲು. ನೂಲು ಬಿಚ್ಚಿದ ಮೇಲೆ ಉಳಿಯುವ ಪ್ಯೂಪಾ ಜವಳಿಯ ಲೆಕ್ಕಕ್ಕೇ ಬರುವುದಿಲ್ಲ. ಅದು ಐದನೆಯ ಅಧ್ಯಾಯಕ್ಕೆ ಹಾರಿ ಪ್ರಾಣಿಜನ್ಯ ವಸ್ತುಗಳ ಜೊತೆ 0511ರಲ್ಲಿ ಕೂರುತ್ತದೆ. ಹುಳುವಿನ ಮೊಟ್ಟೆಯೂ ಅಲ್ಲೇ.

ಒಂದೇ ಸೂರಿನಡಿ, ಒಂದೇ ದಿನದಲ್ಲಿ, ನಾಲ್ಕು ಶೀರ್ಷಿಕೆ. ಹುರಿ ಮಷಿನ್ ಸೇರಿಸಿದರೆ ಐದು. ಇದರಲ್ಲಿ ಯಾವುದಕ್ಕೂ ಪ್ರಯೋಗಾಲಯ ಬೇಡ, ಕೆಲಸಗಾರರನ್ನು ಕೇಳಿದರೆ ಸಾಕು.

ಸೀರೆಯ ಹಂತಕ್ಕೆ ಬಂದಾಗ ತಕ್ಕಡಿ ಬೇಕಾಗುತ್ತದೆ. ಜವಳಿ ವಿಭಾಗದ ಟಿಪ್ಪಣಿಯ ಪ್ರಕಾರ ಎರಡು ಮೂರು ನಾರು ಬೆರೆತ ಬಟ್ಟೆಯನ್ನು ತೂಕದಲ್ಲಿ ಹೆಚ್ಚಿರುವ ನಾರಿನ ಹೆಸರಲ್ಲಿ ವರ್ಗೀಕರಿಸಬೇಕು. ರೇಷ್ಮೆ ಬಟ್ಟೆ 5007. ಅದರೊಳಗೆ ರೇಷ್ಮೆ ಶೇ. 85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ಸಾಲು, ಕಡಿಮೆಯಾದರೆ ಇನ್ನೊಂದು. ಜರಿಯನ್ನು ಟಿಪ್ಪಣಿ ಒಂದು ಪ್ರತ್ಯೇಕ ಜವಳಿ ವಸ್ತು ಎಂದೇ ಎಣಿಸುತ್ತದೆ. ಒಳಗಿನ ನೂಲು, ಹೊರಗಿನ ಲೋಹ ಎರಡರ ತೂಕವೂ ಜರಿಯ ಲೆಕ್ಕಕ್ಕೆ. ಹೀಗಾಗಿ ಮೈತುಂಬ ಜರಿ ಹೊದ್ದ ಮದುವೆ ಸೀರೆಯಲ್ಲಿ ಜರಿಯೇ ರೇಷ್ಮೆಗಿಂತ ಹೆಚ್ಚು ತೂಗಿದರೆ, ಅಂಗಡಿಯವರು ಎಷ್ಟೇ ‘ಅಪ್ಪಟ ರೇಷ್ಮೆ’ ಎಂದರೂ, ಸುಂಕಪಟ್ಟಿ ಅದನ್ನು 5007ರಿಂದ ಹೊರಗೆ ಹಾಕಿ ಲೋಹದೆಳೆಯ ಬಟ್ಟೆಗಳ 5809ಕ್ಕೆ ಕಳಿಸುತ್ತದೆ. ಮದುವೆ ಮನೆಯಲ್ಲಿ ಈ ಮಾತು ಆಡದಿರುವುದು ಲೇಸು.

ಇಷ್ಟೆಲ್ಲ ಗೆರೆಗಳಲ್ಲಿ ಈ ಊರಿನ ಬದುಕಿಗೆ ಗಟ್ಟಿಯಾಗಿ ತಾಗಿದ್ದು ಹುರಿಯ ಗೆರೆ. 5002ರ ವಿವರಣೆಯೇ ‘ಹುರಿ ಹಾಕದ ಕಚ್ಚಾ ರೇಷ್ಮೆ’ ಎಂದು. ವಿದೇಶಿ ರೇಷ್ಮೆಯ ವಿರುದ್ಧ ನಮ್ಮವರು ಕೇಳಿದ ರಕ್ಷಣೆಯೆಲ್ಲ ಬಹುಕಾಲ ಈ ಸಾಲಿಗೇ ಜೋತುಬಿದ್ದಿತ್ತು. ಕತೆ ಹಳೆಯದು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಚೀನಾ, ಜಪಾನ್‌ಗಳ ಅಗ್ಗದ ರೇಷ್ಮೆ ಬಂದು ಸುರಿದಾಗ ಮೈಸೂರು ಸೀಮೆಯ ರೇಷ್ಮೆ ನೆಲಕಚ್ಚಿತು. ಸುಂಕ ಮಂಡಳಿಯ ವಿಚಾರಣೆ ನಡೆದು 1934ರಲ್ಲಿ ರಕ್ಷಣಾ ಸುಂಕ ಬಂತು. ನಮ್ಮ ಕಾಲಕ್ಕೆ ಬಂದರೆ, 2011ರ ಕೇಂದ್ರ ಬಜೆಟ್ ಹುರಿ ಹಾಕದ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಒಮ್ಮೆಲೇ ಶೇ. 5ಕ್ಕೆ ಇಳಿಸಿತು. ನೇಕಾರರಿಗೆ ಅಗ್ಗದ ನೂಲು ಸಿಗಲಿ ಎಂಬುದು ಉದ್ದೇಶ. ಗೂಡಿನ ದರ ಬಿತ್ತು, ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ. 15ಕ್ಕೆ ಏರಿತು, ಆಮೇಲೆ ಶೇ. 10ಕ್ಕೆ ಇಳಿಯಿತು. ಹಿಪ್ಪುನೇರಳೆ ತೋಟ ಒಂದು ಬಜೆಟ್ಟಿಗೆ ಕಿತ್ತು ಇನ್ನೊಂದು ಬಜೆಟ್ಟಿಗೆ ನೆಡುವಂಥದಲ್ಲ ಎಂಬುದನ್ನು ದೆಹಲಿ ನೆನಪಿಟ್ಟುಕೊಂಡಂತೆ ಕಾಣಲಿಲ್ಲ.

ಇದರ ಜೊತೆಗೆ ಸುರಿವಿರೋಧಿ ಸುಂಕ, ಅಂದರೆ ಆ್ಯಂಟಿ ಡಂಪಿಂಗ್ ಡ್ಯೂಟಿ. ಚೀನಾದ ಕಚ್ಚಾ ರೇಷ್ಮೆಯ ಮೇಲೆ 2000ರ ದಶಕದ ಆರಂಭದಲ್ಲಿ ಒಮ್ಮೆ, 2015-16ರಲ್ಲಿ ಇನ್ನೊಮ್ಮೆ ಇದನ್ನು ಹಾಕಿದರು. ಎರಡನೆಯ ಸಲ ಕೆ.ಜಿ.ಗೆ 1.85 ಡಾಲರ್. ಆದರೆ ಅದು ಎಲ್ಲ ರೇಷ್ಮೆಗೂ ಅಲ್ಲ, 3ಎ ಮತ್ತು ಅದಕ್ಕಿಂತ ಕೆಳಗಿನ ದರ್ಜೆಗೆ ಮಾತ್ರ. ದರ್ಜೆ ಕಣ್ಣಳತೆಗೆ ಸಿಗುವುದಿಲ್ಲ. ನೂಲನ್ನು ಸೆರಿಪ್ಲೇನ್ ಎಂಬ ಕಪ್ಪು ಹಲಗೆಗೆ ಒತ್ತೊತ್ತಾಗಿ ಸುತ್ತಿ, ಕತ್ತಲು ಕೋಣೆಯಲ್ಲಿ ನಿಗದಿತ ಬೆಳಕು ಬಿಟ್ಟು, ಎಳೆ ಎಲ್ಲಿ ದಪ್ಪ, ಎಲ್ಲಿ ಸಣ್ಣ, ಎಲ್ಲಿ ಗಂಟು ಎಂದು ಪಳಗಿದ ಕಣ್ಣು ನೋಡಬೇಕು. ಬಂದರಿನಲ್ಲಿ ಕಂಟೇನರ್ ಬಿಡಿಸಲು ಕಾಯುವ ಅವಸರದಲ್ಲಿ ಇದು ಎಷ್ಟು ಸಲ ನಡೆದೀತು? ಕಾಗದದ ಮೇಲೆ 4ಎ ಎಂದು ಬರೆದರೆ ಆ ಸುಂಕ ಇರಲಿಲ್ಲ. ಹುರಿ ಹಾಕಿ ತಂದರೆ ಶೀರ್ಷಿಕೆಯೇ 5004, ಆಗಲೂ ಇರಲಿಲ್ಲ. ಕಾನೂನು ಮುರಿಯದೆಯೂ ಹೊರಗೆ ನಡೆಯಬಹುದಾದ ಬಾಗಿಲು ಅದು. ರಕ್ಷಣೆಯನ್ನು ಒಂದು ದರ್ಜೆಗೆ, ಒಂದು ಹಂತದ ಕೆಲಸಕ್ಕೆ ಕಟ್ಟಿಹಾಕಿದರೆ ಹೀಗೇ ಆಗುತ್ತದೆ. 2021ರ ಬಜೆಟ್ ಕಚ್ಚಾ ರೇಷ್ಮೆ ಮತ್ತು ರೇಷ್ಮೆ ನೂಲು ಎರಡರ ಸುಂಕವನ್ನೂ ಶೇ. 10ರಿಂದ 15ಕ್ಕೆ ಒಟ್ಟಿಗೆ ಏರಿಸಿತು. ಏರಿಕೆಗಿಂತ ಆ ‘ಒಟ್ಟಿಗೆ’ ಎಂಬುದೇ ಅದರಲ್ಲಿ ಬುದ್ಧಿವಂತಿಕೆಯ ಭಾಗ: ಹುರಿಯ ಆಚೆ ಈಚೆ ಸುಂಕ ಒಂದೇ ಆದರೆ ಹುರಿಯ ನೆಪದಲ್ಲಿ ನುಸುಳುವ ಲಾಭ ಇಲ್ಲ.

ರೇಷ್ಮೆ ಬಿಟ್ಟು ಹೊಲಕ್ಕೆ ಬಂದರೆ ಮಿಡಿಸೌತೆಯ ಕತೆ ಸ್ವಾರಸ್ಯದ್ದು. ಗರ್ಕಿನ್ ಎಂದು ಕರೆಯುವ ಈ ಬೆಳೆಯನ್ನು ನಮ್ಮಲ್ಲಿ ತಿನ್ನುವವರಿಲ್ಲ, ಬೆಳೆಯುವುದೆಲ್ಲ ಹೊರದೇಶಕ್ಕೆ. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಸಣ್ಣದಾಗಿ ಶುರುವಾದ ಒಪ್ಪಂದ ಕೃಷಿ ಆಮೇಲೆ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೂ ಹಬ್ಬಿತು. 2021ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಏಳು ತಿಂಗಳಲ್ಲಿ ದೇಶದಿಂದ 1,23,846 ಟನ್ ಹೋಯಿತು, ಬೆಲೆ 11.4 ಕೋಟಿ ಡಾಲರ್. ಆಗ ಭಾರತವನ್ನು ಜಗತ್ತಿನ ಅತಿ ದೊಡ್ಡ ಗರ್ಕಿನ್ ರಫ್ತುದಾರ ಎಂದು ಕೇಂದ್ರ ಸರ್ಕಾರ ಹೇಳಿಕೊಂಡಿತು. ಈ ಕಾಯಿಗೆ ಸುಂಕಪಟ್ಟಿಯಲ್ಲಿ ಮೂರು ಮನೆ. ಕಿತ್ತು ತಂದ ಹಸಿಕಾಯಿ 0707. ಕೆಡದಿರಲೆಂದು ಗಟ್ಟಿ ಉಪ್ಪುನೀರಿನಲ್ಲಿ ಮುಳುಗಿಸಿಟ್ಟದ್ದು 0711. ಅದನ್ನು ಹಾಗೇ ಬಾಯಿಗೆ ಹಾಕಲಾಗದು, ಆಮದು ಮಾಡಿಕೊಂಡವರು ಉಪ್ಪು ತೊಳೆದು ಮತ್ತೆ ಸಂಸ್ಕರಿಸಬೇಕು. ವಿನೆಗರ್ ಅಥವಾ ಅಸಿಟಿಕ್ ಆಮ್ಲದಲ್ಲಿ ಹಾಕಿದ್ದು 2001. ಗಾಜಿನ ಬಾಟಲಿಯಾದರೆ ಗೊಂದಲ ಇಲ್ಲ. ಆದರೆ ಉಪ್ಪುನೀರಿನ ಮಾಲೂ ವಿನೆಗರ್ ಮಾಲೂ ಹೊರಡುವುದು ಒಂದೇ ಥರದ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ. ಹೊರಗಿನಿಂದ ನೋಡಿದರೆ ವ್ಯತ್ಯಾಸವೇ ಕಾಣದು. ಏಳನೆಯ ಅಧ್ಯಾಯದ ತರಕಾರಿಗೂ ಇಪ್ಪತ್ತನೆಯ ಅಧ್ಯಾಯದ ಸಿದ್ಧ ಆಹಾರಕ್ಕೂ ಆಮದು ದೇಶದಲ್ಲಿ ಸುಂಕ, ತಪಾಸಣೆ ಬೇರೆ ಬೇರೆ. ಡ್ರಮ್ಮಿಗೆ ಯಾವ ದ್ರವ ಸುರಿದರು ಎಂಬುದನ್ನು ಬಲ್ಲ ಪ್ಯಾಕಿಂಗ್ ಷೆಡ್ಡಿನ ಮೇಲ್ವಿಚಾರಕನ ಮಾತಿಗೆ ಇಲ್ಲಿ ವಕೀಲನ ಮಾತಿಗಿಂತ ತೂಕ ಹೆಚ್ಚು.

ದ್ರಾಕ್ಷಿಯೂ ಇದೇ ದಾರಿ. ಚಿಕ್ಕಬಳ್ಳಾಪುರದ ಬೆಂಗಳೂರು ಬ್ಲೂ ಅಥವಾ ದಿಲ್‌ಖುಷ್ ಬಳ್ಳಿಯಿಂದ ಇಳಿದಾಗ 0806. ರಸ ತೆಗೆದರೆ 2009, ಹುದುಗಿ ವೈನಾದರೆ 2204, ಅದೂ ಹುಳಿತು ವಿನೆಗರ್ ಆದರೆ 2209. ರಸಕ್ಕೂ ಮದ್ಯಕ್ಕೂ ನಡುವಣ ಗೆರೆ ಶೇ. 0.5 ಆಲ್ಕೊಹಾಲ್. ರಾಗಿ 1008, ಹಿಟ್ಟಾದರೆ 1102, ಮೊಳಕೆ ಕಟ್ಟಿ ಒಣಗಿಸಿದ ಮಾಲ್ಟ್ ಆದರೆ 1107. ಕಡಲೆಕಾಯಿ ಹಸಿಯಾಗಿದ್ದರೆ 1202, ಹುರಿದರೆ 2008. ಹೂವಿನಲ್ಲಿ ಪಟ್ಟಿ ಸ್ವಲ್ಪ ಉದಾರಿ: ಗುಲಾಬಿಗೆ 0603ರೊಳಗೆ ತನ್ನದೇ ಸಾಲಿದೆ, ಸೇವಂತಿಗೆಗೂ ಇದೆ. ಬೊಕೆ ಕಟ್ಟಿ, ಬುಟ್ಟಿಯಲ್ಲಿಟ್ಟು, ರಿಬ್ಬನ್ ಸುತ್ತಿದರೂ ಅದನ್ನು ಹೂವೆಂದೇ ಎಣಿಸಬೇಕು ಎಂದು ಅಧ್ಯಾಯದ ಟಿಪ್ಪಣಿ ಸ್ಪಷ್ಟವಾಗಿ ಹೇಳುತ್ತದೆ. ಕಲ್ಲಿನಲ್ಲಿ ಉದಾರತೆ ಇಲ್ಲ. ಕ್ವಾರಿಯಿಂದ ಬಂದ ಗ್ರಾನೈಟ್ ದಿಮ್ಮಿ, ಬರೀ ಗರಗಸ ಹಾಕಿ ಚೌಕ ಮಾಡಿದ್ದೂ ಸೇರಿ, 2516. ಪಾಲಿಷ್ ಮಾಡಿದರೆ, ಕೆತ್ತಿದರೆ 6802.

ಈ ಸಾಲುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಜಿಲ್ಲೆಯ ಆರ್ಥಿಕತೆಯ ಒಂದು ಚಿತ್ರ ಮೂಡುತ್ತದೆ. ನಾವು ಹೆಚ್ಚಾಗಿ ಮಾರುವುದು ಪಟ್ಟಿಯ ಮೊದಲ ಮೆಟ್ಟಿಲಿನ ಸರಕು: ಗೂಡು, ಕಚ್ಚಾ ರೇಷ್ಮೆ, ಹಸಿ ತರಕಾರಿ, ಬಿಡಿ ಹೂವು. ಮೇಲಿನ ಮೆಟ್ಟಿಲು ಧರ್ಮಾವರಂ, ಕಾಂಚಿಪುರಂ, ಬೆಂಗಳೂರಿನವರದು.

ಹೆಸರಿಗೂ ಸ್ವಲ್ಪ ಬೆಲೆ ಇದೆ ಎನ್ನದಿದ್ದರೆ ಏಕಪಕ್ಷೀಯವಾದೀತು. ವರ್ಗೀಕರಣದ ಜಗಳಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಟೊಮೆಟೊದ್ದು. ಅಮೆರಿಕದ 1883ರ ಸುಂಕ ಕಾಯ್ದೆಯಲ್ಲಿ ತರಕಾರಿಗೆ ಶೇ. 10 ಸುಂಕ, ಹಣ್ಣಿಗೆ ಇಲ್ಲ. ಸಸ್ಯಶಾಸ್ತ್ರದ ಪ್ರಕಾರ ಟೊಮೆಟೊ ಹಣ್ಣು, ಆದ್ದರಿಂದ ಸುಂಕ ವಾಪಸ್ ಕೊಡಿ ಎಂದು ನ್ಯೂಯಾರ್ಕಿನ ನಿಕ್ಸ್ ಎಂಬ ವ್ಯಾಪಾರಿ ಕುಟುಂಬ ಕಸ್ಟಮ್ಸ್ ಅಧಿಕಾರಿ ಹೆಡನ್ ಮೇಲೆ ದಾವೆ ಹೂಡಿತು. 1893ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು: ಜನ ಅದನ್ನು ಊಟದೊಂದಿಗೆ ತರಕಾರಿಯಾಗಿ ತಿನ್ನುತ್ತಾರೆ, ಊಟವಾದ ಮೇಲೆ ಹಣ್ಣಾಗಿ ಅಲ್ಲ, ಆದ್ದರಿಂದ ತರಕಾರಿ. ನಮ್ಮ ಸುಪ್ರೀಂ ಕೋರ್ಟಿನ ಮುಂದೆ 1961ರಲ್ಲಿ ವೀಳ್ಯದೆಲೆ ತರಕಾರಿಯೇ ಎಂಬ ಪ್ರಶ್ನೆ ಬಂತು, ಅಕೋಲಾದ ಮಾರಾಟ ತೆರಿಗೆ ಪ್ರಕರಣವೊಂದರಲ್ಲಿ. ಜನಬಳಕೆಯ ಮಾತಿನಲ್ಲಿ ಎಲೆ ತರಕಾರಿಯಲ್ಲ ಎಂದು ತೀರ್ಪಾಯಿತು. ಸಂತೆಗೆ ಹೋಗಿ ಬಂದ ಯಾರೂ ಬೇರೆ ಹೇಳುತ್ತಿರಲಿಲ್ಲ. 2020ರಲ್ಲಿ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ ಮಾತ್ರ ಪ್ಯಾಕೆಟ್ಟಿನ ಪರೋಟ ರೊಟ್ಟಿ–ಚಪಾತಿಯ ಸಾಲಿಗೆ ಸೇರದು, ಕೊಳ್ಳುವವರು ಮತ್ತೆ ಬಿಸಿ ಮಾಡಬೇಕು, ಹಾಗಾಗಿ ಶೇ. 18 ಎಂದಿತು. ದೇಶವೆಲ್ಲ ನಕ್ಕಿತು. ಐದು ವರ್ಷದ ನಂತರ, 2025ರ ಸೆಪ್ಟೆಂಬರ್ 22ರಿಂದ, ರೊಟ್ಟಿಗೂ ಪರೋಟಕ್ಕೂ ತೆರಿಗೆ ಶೂನ್ಯ ಮಾಡಿ ಸರ್ಕಾರ ಜಗಳವನ್ನೇ ಮುಗಿಸಿತು.

ಆದರೆ ಜನಬಳಕೆಯ ಮಾತು ಮೊದಲ ಆಸರೆಯಲ್ಲ. ಪಟ್ಟಿಯನ್ನು ಓದಲು ಆರು ಸಾಮಾನ್ಯ ನಿಯಮಗಳಿವೆ, ಅವನ್ನು ಅನುಕ್ರಮದಲ್ಲೇ ಅನ್ವಯಿಸಬೇಕು. ಮೊದಲು ಶೀರ್ಷಿಕೆಯ ಪದಗಳು ಮತ್ತು ವಿಭಾಗ, ಅಧ್ಯಾಯಗಳ ಟಿಪ್ಪಣಿಗಳು. ಅಲ್ಲಿ ಉತ್ತರ ಸಿಕ್ಕರೆ ಮುಂದೆ ಹೋಗುವಂತಿಲ್ಲ. ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಬಂದ ಯಂತ್ರವೂ ಪೂರ್ಣ ಯಂತ್ರವೇ ಎನ್ನುವುದು ಎರಡನೆಯ ನಿಯಮ. ಆಟೊಮ್ಯಾಟಿಕ್ ರೀಲಿಂಗ್ ಮಷಿನ್ ತರಿಸುವವರು ಅದನ್ನು ಬಿಡಿಭಾಗ ಎಂದು ಬರೆಯುವಂತಿಲ್ಲ. ಎರಡು ಶೀರ್ಷಿಕೆ ಹೊಂದುವಂತಿದ್ದರೆ ಹೆಚ್ಚು ನಿರ್ದಿಷ್ಟವಾದದ್ದು, ಆಗದಿದ್ದರೆ ಸರಕಿನ ಮುಖ್ಯ ಗುಣ ಯಾವುದರಿಂದ ಬಂದಿದೆಯೋ ಅದು, ಅದೂ ತಿಳಿಯದಿದ್ದರೆ ಸಂಖ್ಯೆಯಲ್ಲಿ ಕೊನೆಗೆ ಬರುವುದು. ಉಳಿದ ನಿಯಮಗಳ ಅಗತ್ಯ ನಮ್ಮ ಜಿಲ್ಲೆಯ ಸರಕಿಗೆ ಅಪರೂಪ. ಟಿಪ್ಪಣಿ ಓದದೆ ಕಂಪ್ಯೂಟರಿನಲ್ಲಿ ಹೆಸರು ಟೈಪ್ ಮಾಡಿ ಮೊದಲು ಬಂದ ಸಂಖ್ಯೆ ಹಿಡಿಯುವ ಅಭ್ಯಾಸವೇ ಮುಕ್ಕಾಲು ಪಾಲು ತೊಂದರೆಯ ಮೂಲ.

ಸಂಖ್ಯೆ ಬರೆಯುವ ಹೊಣೆ ಈಗ ಯಾರದು? 2011ರಿಂದ ಆಮದುದಾರ, ರಫ್ತುದಾರರದೇ. ಸ್ವಯಂ ನಿರ್ಧಾರ ಬಂದ ಮೇಲೆ ಅಧಿಕಾರಿ ಮೊದಲು ನೋಡಿ ಹೇಳುವ ಕಾಲ ಹೋಯಿತು. ಬಿಲ್ ಆಫ್ ಎಂಟ್ರಿ, ಶಿಪ್ಪಿಂಗ್ ಬಿಲ್ ತುಂಬುವವರು ದೇವನಹಳ್ಳಿ ವಿಮಾನ ನಿಲ್ದಾಣದಲ್ಲೋ ವೈಟ್‌ಫೀಲ್ಡ್ ಡಿಪೋದಲ್ಲೋ ಇರುವ ಕಸ್ಟಮ್ಸ್ ಬ್ರೋಕರ್. ಅವರಿಗೆ ಸರಕಿನ ಹೆಸರು ಗೊತ್ತು, ಷೆಡ್ಡಿನಲ್ಲಿ ನಡೆದ ಕೆಲಸ ಗೊತ್ತಿಲ್ಲ. ಕಳೆದ ಸಲದ ಬಿಲ್ಲಿನ ಸಂಖ್ಯೆಯೇ ಈ ಸಲಕ್ಕೂ ಬೀಳುತ್ತದೆ. ತಪ್ಪಾದರೆ ಕಟ್ಟದ ಸುಂಕಕ್ಕಾಗಿ ಎರಡು ವರ್ಷದವರೆಗೆ ನೋಟಿಸ್ ಬರಬಹುದು, ಬೇಕೆಂದೇ ಮುಚ್ಚಿಟ್ಟದ್ದು ಎನಿಸಿದರೆ ಐದು ವರ್ಷದವರೆಗೆ. ನೋಟಿಸ್ ಬರುವುದು ವ್ಯಾಪಾರಿಯ ಹೆಸರಿಗೆ. ರಫ್ತಿನಲ್ಲೂ ಸಂಖ್ಯೆ ತಪ್ಪಿದರೆ ನಷ್ಟ: 2021ರಿಂದ ಸಿಗುತ್ತಿರುವ ರಾಡ್‌ಟೆಪ್ ಮರುಪಾವತಿಯ ದರ ಎಂಟಂಕಿಯ ಮೇಲೆ ನಿಂತಿದೆ.

ಮುಕ್ತ ವ್ಯಾಪಾರ ಒಪ್ಪಂದಗಳು ಬಂದ ಮೇಲೆ ಸಂಖ್ಯೆಗೆ ಇನ್ನೊಂದು ಕೆಲಸ ಅಂಟಿಕೊಂಡಿದೆ. ಸರಕು ಯಾವ ದೇಶದ್ದು ಎಂದು ತೀರ್ಮಾನಿಸುವುದೂ ಈಗ ಅದರಿಂದಲೇ. 2010ರಲ್ಲಿ ಜಾರಿಯಾದ ಆಸಿಯಾನ್ ಒಪ್ಪಂದದ ಸಾಮಾನ್ಯ ನಿಯಮದಂತೆ, ಹೊರಗಿನ ಕಚ್ಚಾಮಾಲು ಆಸಿಯಾನ್ ದೇಶವೊಂದರಲ್ಲಿ ಬೇರೆ ಉಪಶೀರ್ಷಿಕೆಯ ಸರಕಾಗಿ ಮಾರ್ಪಡಬೇಕು, ಬೆಲೆಯಲ್ಲಿ ಶೇ. 35 ಅಲ್ಲಿಯದೇ ಪಾಲು ಇರಬೇಕು. ಚೀನಾದ 5002 ಅಂಥ ದೇಶಕ್ಕೆ ಹೋಗಿ ಹುರಿ ಹಾಕಿಸಿಕೊಂಡು 5004 ಆಗಿ ಬಂತೆನ್ನಿ. ಸಂಖ್ಯೆಯ ಪರೀಕ್ಷೆ ಪಾಸಾಯಿತು, ತಡೆಯುವುದು ಶೇ. 35ರ ಪರೀಕ್ಷೆ ಮಾತ್ರ. ಬರೀ ಹುರಿಗೆ ಅಷ್ಟು ಬೆಲೆ ಬರುವುದಿಲ್ಲ ಎಂದು ಶಿಡ್ಲಘಟ್ಟದಲ್ಲಿ ಹುರಿ ಮಷಿನ್ ನಡೆಸುವ ಯಾರನ್ನು ಕೇಳಿದರೂ ಹೇಳುತ್ತಾರೆ. 2020ರ ಸೆಪ್ಟೆಂಬರ್‌ನಿಂದ ಮೂಲದ ವಿವರವನ್ನು ಆಮದುದಾರರೇ ಇಟ್ಟುಕೊಂಡು, ಕೇಳಿದಾಗ ತೋರಿಸಬೇಕೆಂಬ ನಿಯಮ ಬಂದಿದೆ. ಒಳ್ಳೆಯ ನಿಯಮ, ಕೇಳುವವರಿದ್ದರೆ.

ಅನುಮಾನವಿದ್ದವರಿಗೆ ಕಾನೂನಿನಲ್ಲೇ ಒಂದು ದಾರಿ ಇದೆ. ದೆಹಲಿ, ಮುಂಬೈಗಳಲ್ಲಿ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರಗಳು 2021ರಿಂದ ಕೆಲಸ ಮಾಡುತ್ತಿವೆ. ಮಾಲು ಸಾಗಿಸುವ ಮೊದಲೇ ಸಂಖ್ಯೆ ಕೇಳಬಹುದು, ಮೂರು ತಿಂಗಳಲ್ಲಿ ಉತ್ತರ ಕೊಡಬೇಕು, ಕಾನೂನೋ ಸಂದರ್ಭವೋ ಬದಲಾಗದಿದ್ದರೆ ಆ ಉತ್ತರ ಕೆಲವು ವರ್ಷ ನಡೆಯುತ್ತದೆ. ದೊಡ್ಡ ಕಂಪನಿಗಳು ಇದನ್ನು ಬಳಸಿಕೊಳ್ಳುತ್ತವೆ. ನಾಲ್ಕು ಬೇಸಿನ್ ಇಟ್ಟುಕೊಂಡ ರೀಲರ್ ಒಬ್ಬೊಬ್ಬರೇ ದೆಹಲಿಗೆ ಅರ್ಜಿ ಹಾಕಲಾರರು. ಅವರ ಸಂಘಗಳು, ರೈತ ಉತ್ಪಾದಕ ಕಂಪನಿಗಳು, ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇಟ್ಟುಕೊಂಡಿರುವ ಕೇಂದ್ರ ರೇಷ್ಮೆ ಮಂಡಳಿ ಈ ಕೆಲಸ ಮಾಡಬಹುದು. ಕನ್ನಡದಲ್ಲಿ ಒಂದು ಕೈಪಿಡಿ, ಜಿಲ್ಲೆಯ ಸರಕಿಗೆ ಬೇಕಾದ ಅಧ್ಯಾಯಗಳ ಟಿಪ್ಪಣಿಗಳೊಂದಿಗೆ ಬಂದರೆ ಇನ್ನೂ ಒಳ್ಳೆಯದು. ನಮಗೆ ಬೇಕಾದದ್ದು ಹತ್ತು ಹನ್ನೆರಡು ಅಧ್ಯಾಯ ಮೀರದು.

ಅದಕ್ಕೆ ಈಗಲೇ ಸಮಯ. ಹಾರ್ಮೊನೈಸ್ಡ್ ಸಿಸ್ಟಮ್ಮಿನ ಈಗಿನ ಆವೃತ್ತಿ 2022ರದು. ಮುಂದಿನದು 2028ರ ಜನವರಿ 1ರಿಂದ ಜಾರಿಗೆ ಬರಲಿದೆ. ಹಳೆಯ ಬಿಲ್ ನೋಡಿ ಸಂಖ್ಯೆ ಬರೆಯುವವರು ಆ ದಿನಕ್ಕೆ ಮುಂಚೆ ತಮ್ಮ ಸರಕಿನ ಸಾಲನ್ನು ಒಮ್ಮೆ ತೆರೆದು ನೋಡಿಕೊಳ್ಳಲಿ, ನೋಡುವಾಗ ಷೆಡ್ಡಿನಲ್ಲಿ ಕೆಲಸ ಮಾಡುವವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿ.